ಆರ್‌ನಿಂದ ಸಿ ಕೋಡನ್ನು ಕರೆದಾಗ ದರದ ವೆಕ್ಟರ್ ಬದಲು ‘ಪ್ರಾಮಿಸ್’ ಸಿಗುತ್ತಿದೆ

ಗೂಡುಲೆಕ್ಕ (ಶಿಡ್ಲಘಟ್ಟ):

ನಮಸ್ಕಾರ. ನಮ್ಮ ಮನೆಯ ಮತ್ತು ನೆರೆಹೊರೆಯವರ ರೇಷ್ಮೆಗೂಡು ಇಲ್ಲಿನ ಮಾರುಕಟ್ಟೆಯ ಹರಾಜಿನಲ್ಲಿ ಕೆ.ಜಿ.ಗೆ ಎಷ್ಟಕ್ಕೆ ಹೋಯಿತೆಂಬುದನ್ನು ಪ್ರತಿ ಬೆಳೆಗೂ ಬರೆದಿಟ್ಟುಕೊಂಡು ಬಂದಿದ್ದೇನೆ. ಆ ದರಗಳಿಗೆ ಏಳೇಳರ ಚಲಿಸುವ ಮಧ್ಯಾಂಕವನ್ನು (ಪ್ರತಿ ದರವನ್ನೂ ನಡುವಿಟ್ಟುಕೊಂಡ ಏಳು ದರಗಳನ್ನು ವಿಂಗಡಿಸಿದಾಗ ಮಧ್ಯದಲ್ಲಿ ಬರುವುದನ್ನು) ಲೆಕ್ಕ ಹಾಕುವ ಒಂದು ಫಂಕ್ಷನನ್ನು ಸಿ ಭಾಷೆಯಲ್ಲಿ ಬರೆದು, ಅಂಕಿಅಂಶಗಳ ಭಾಷೆಯಾದ ಆರ್‌ನಿಂದ ಕರೆಯುತ್ತಿದ್ದೇನೆ. ಇದಕ್ಕೆ ಆರ್‌ನಲ್ಲಿಯೇ ‘ರನ್‌ಮೆಡ್’ ಇದೆಯೆಂಬುದು ಗೊತ್ತು. ಸಿ ಕಲಿಯುವುದಕ್ಕಾಗಿಯೇ ಈ ಸಾಹಸ.

ಫಂಕ್ಷನ್ನಿಗೆ ಕೊಡಬೇಕಾದ ಬೆಲೆಗಳು, ಅಂದರೆ ಆರ್ಗ್ಯುಮೆಂಟುಗಳು, ಹೆಚ್ಚಾದ್ದರಿಂದ ಅವುಗಳನ್ನು ಒಂದೊಂದಾಗಿ ಕೊಡದೆ, ಆರ್ ಫಂಕ್ಷನ್ನಿನ ಎನ್ವಿರಾನ್‌ಮೆಂಟನ್ನೇ (ಹೆಸರುಗಳೂ ಅವುಗಳ ಬೆಲೆಗಳೂ ಇರುವ ಜಾಗವನ್ನೇ) ‘ಡಾಟ್ ಕಾಲ್’ (ಸಿ ಕೋಡನ್ನು ಕರೆಯುವ ಆರ್ ಫಂಕ್ಷನ್) ಮೂಲಕ ಸಿ ಕಡೆಗೆ ಕಳುಹಿಸಿ, ಅಲ್ಲಿ ‘ಫೈಂಡ್‌ವಾರ್’ನಿಂದ ‘ದರ’ ಎಂಬ ಹೆಸರನ್ನು ಹುಡುಕುತ್ತಿದ್ದೇನೆ. ಸಿಕ್ಕಿದ್ದಕ್ಕೆ ಒಳಗಿನ ದಶಮಾಂಶ ಸಂಖ್ಯೆಗಳನ್ನು ತೆರೆದುಕೊಡುವ ‘ರಿಯಲ್’ ಹಚ್ಚಿದ ಕೂಡಲೇ, ಇದು ಸಂಖ್ಯಾ ವೆಕ್ಟರಿಗೆ (ಸಂಖ್ಯೆಗಳ ಸಾಲಿಗೆ) ಮಾತ್ರ ಸಲ್ಲುತ್ತದೆ, ಪ್ರಾಮಿಸ್‌ಗೆ ಅಲ್ಲ ಎಂಬ ದೋಷ ಬರುತ್ತದೆ. ಕರೆಗೆ ಮೊದಲು ಆರ್ಗ್ಯುಮೆಂಟನ್ನು ಕೂಡಲೇ ಲೆಕ್ಕ ಹಾಕಿಸುವ ‘ಫೋರ್ಸ್’ ಹಾಕಿದರೂ, ‘ಪ್ರಿಂಟ್’ ಮಾಡಿಸಿದರೂ ಫಲ ಒಂದೇ. ವಿಚಿತ್ರವೆಂದರೆ, ಹಿಂದೆ ದರವನ್ನು ಸಾವಿರದಿಂದ ಭಾಗಿಸಿ ಅದೇ ಹೆಸರಿಗೆ ಮರಳಿ ಕೊಡುವ ಒಂದು ಸಾಲಿತ್ತು. ಅದನ್ನು ಅಳಿಸುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು.

ಕೊಬ್ಬರಿಕೋಡ್ (ತಿಪಟೂರು):

ನೀವು ಅಳಿಸಿದ ಆ ಸಾಲಿನಲ್ಲಿಯೇ ಉತ್ತರವಿದೆ. ಆರ್‌ನಲ್ಲಿ ಫಂಕ್ಷನ್ನಿಗೆ ಕೊಟ್ಟ ಆರ್ಗ್ಯುಮೆಂಟ್ ಒಳಗೆ ಹೋಗುವುದು ಬೆಲೆಯಾಗಿ ಅಲ್ಲ, ಚೀಟಿಯಾಗಿ, ಆ ಚೀಟಿಯೇ ಪ್ರಾಮಿಸ್. ಯಾವ ಅಭಿವ್ಯಕ್ತಿಯನ್ನು ಯಾವ ಎನ್ವಿರಾನ್‌ಮೆಂಟಿನಲ್ಲಿ ಲೆಕ್ಕ ಹಾಕಬೇಕೆಂಬುದು ಆ ಚೀಟಿಯಲ್ಲಿರುತ್ತದೆ, ಉತ್ತರಕ್ಕೆಂದು ಒಂದು ಖಾಲಿ ಜಾಗವೂ ಇರುತ್ತದೆ. ‘ಫೋರ್ಸ್’ ಆ ಖಾಲಿ ಜಾಗವನ್ನು ತುಂಬುತ್ತದೆಯೇ ಹೊರತು ಚೀಟಿಯನ್ನು ಕಿತ್ತುಹಾಕುವುದಿಲ್ಲ, ಆದ್ದರಿಂದ ‘ದರ’ ಎಂಬ ಹೆಸರಿಗೆ ಆಗಲೂ ಚೀಟಿಯೇ ಅಂಟಿಕೊಂಡಿರುತ್ತದೆ. ಅದೇ ಹೆಸರಿಗೆ ಮರಳಿ ಕೊಟ್ಟಾಗ ಮಾತ್ರ ಚೀಟಿ ಹೋಗಿ ವೆಕ್ಟರ್ ಬಂದು ಕೂರುತ್ತದೆ.

ಆರ್ ಕೋಡಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಹೆಸರನ್ನು ಬಳಸಿದೊಡನೆ ಇಂಟರ್‌ಪ್ರಿಟರ್ ತಾನೇ ಚೀಟಿಯನ್ನು ಬಿಡಿಸುತ್ತದೆ. ‘ಡಾಟ್ ಕಾಲ್’ ಕೂಡ ತನಗೆ ಕೊಟ್ಟ ಆರ್ಗ್ಯುಮೆಂಟುಗಳನ್ನು ಮೊದಲೇ ಲೆಕ್ಕ ಹಾಕಿ ಸಿ ಕಡೆಗೆ ದಾಟಿಸುವುದರಿಂದ, ‘ದರ’ವನ್ನು ನೇರವಾಗಿ ಕೊಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ನನ್ನನ್ನು ಕೇಳಿದರೆ ಅದೇ ಉತ್ತಮ ದಾರಿ. ಆರ್ಗ್ಯುಮೆಂಟುಗಳು ಹತ್ತಾದರೂ ಚಿಂತೆಯಿಲ್ಲ.

ಎನ್ವಿರಾನ್‌ಮೆಂಟನ್ನೇ ಕಳುಹಿಸುವುದಾದರೆ, ಸಿಕ್ಕಿದ್ದರ ‘ಟೈಪ್‌ಆಫ್’ ಪ್ರಾಮಿಸ್ ಆಗಿದ್ದಲ್ಲಿ, ಅಂದರೆ ಬಗೆಯ ಸಂಖ್ಯೆ 5 ಆಗಿದ್ದಲ್ಲಿ, ಅದನ್ನು ಬಿಡಿಸುವ ‘ಇವ್ಯಾಲ್’ಗೆ ಕೊಟ್ಟು, ಬಂದ ಉತ್ತರವನ್ನು ಆರ್ ಅಳಿಸದಂತೆ ಕಾಯುವ ‘ಪ್ರೊಟೆಕ್ಟ್’ ಹಾಕಿ. 2025ರ ಏಪ್ರಿಲ್‌ನಲ್ಲಿ ಬಂದ ಆರ್ 4.5.0 ಆವೃತ್ತಿಯಾಗಲಿ ಅದರ ನಂತರದ್ದಾಗಲಿ ನಿಮ್ಮಲ್ಲಿದ್ದರೆ ‘ಆರ್‌_ಗೆಟ್‌ವಾರ್’ ಬಳಸಿ. ಅದು ಪ್ರಾಮಿಸನ್ನು ತಾನೇ ಬಿಡಿಸುತ್ತದೆ, ಹೆಸರು ಸಿಗದಿದ್ದರೆ ದೋಷವನ್ನೂ ಕೊಡುತ್ತದೆ.

ಗೂಡುಲೆಕ್ಕ:

‘ಇವ್ಯಾಲ್’ ಸೇರಿಸಿದ ಮೇಲೆ ಆ ದೋಷ ಹೋಯಿತು, ಧನ್ಯವಾದಗಳು. ಆದರೆ ಈಗ ಎರಡು ಹೊಸ ತೊಂದರೆಗಳು ಕಾಣಿಸಿಕೊಂಡಿವೆ. ದರಗಳೆಲ್ಲ ಪೂರ್ಣ ರೂಪಾಯಿಯಲ್ಲಿರುವ ಕಡತವನ್ನು ಆರ್ ಪೂರ್ಣಾಂಕವಾಗಿ ಓದುವುದರಿಂದ, ‘ಪ್ರೊಟೆಕ್ಟ್’ ಹಾಕಿಟ್ಟಿದ್ದ ಉತ್ತರವನ್ನು ‘ಕೋಅರ್ಸ್‌ವೆಕ್ಟರ್’ನಿಂದ ದಶಮಾಂಶಕ್ಕೆ ಬದಲಿಸಿ ಅದೇ ವೇರಿಯಬಲ್ಲಿನಲ್ಲಿ ಇಟ್ಟುಕೊಂಡೆ, ಆ ಕಡತದಲ್ಲಿ ಒಮ್ಮೊಮ್ಮೆ ಅರ್ಥವಿಲ್ಲದ ಸಂಖ್ಯೆಗಳು ಬರುತ್ತವೆ. ಪೈಸೆಯೂ ಇರುವ ಕಡತದಲ್ಲಿ ಮಧ್ಯಾಂಕ ಮಾತ್ರವಲ್ಲ, ನನ್ನ ಮೂಲ ವೆಕ್ಟರಿನ ಕ್ರಮವೇ ಕದಡಿಹೋಗುತ್ತಿದೆ.

ಕೊಬ್ಬರಿಕೋಡ್:

ಎರಡರ ಬೇರೂ ‘ಕೋಅರ್ಸ್‌ವೆಕ್ಟರ್’ನಲ್ಲಿದೆ. ಪೂರ್ಣಾಂಕ ಬಂದಾಗ ಅದು ಹೊಸ ವೆಕ್ಟರನ್ನು ಹುಟ್ಟಿಸುತ್ತದೆ, ಆದರೆ ನಿಮ್ಮ ‘ಪ್ರೊಟೆಕ್ಟ್’ ಕಾಯುತ್ತಿರುವುದು ಹಳೆಯದನ್ನು. ಫಲಿತಾಂಶಕ್ಕೆಂದು ಜಾಗ ಪಡೆಯುವ ‘ಅಲಾಕ್‌ವೆಕ್ಟರ್’ ಕರೆದಾಗ ಕಸ ಗುಡಿಸುವ ಕೆಲಸ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ಆರ್ ಮರಳಿ ಪಡೆಯುವುದು) ನಡೆದರೆ ಕಾವಲಿಲ್ಲದ ಹೊಸ ವೆಕ್ಟರ್ ಗುಡಿಸಿಹೋಗಬಹುದು. ಆ ಕೆಲಸ ಪ್ರತಿ ಸಲವೂ ನಡೆಯದಿರುವುದರಿಂದಲೇ ತಪ್ಪು ಒಮ್ಮೊಮ್ಮೆ ಮಾತ್ರ ಕಾಣುತ್ತದೆ. ಬದಲಿಸಿದ ವೆಕ್ಟರಿಗೂ ಪ್ರತ್ಯೇಕ ‘ಪ್ರೊಟೆಕ್ಟ್’ ಹಾಕಿ, ಕಾವಲು ತೆಗೆಯುವ ಕೊನೆಯ ‘ಅನ್‌ಪ್ರೊಟೆಕ್ಟ್’ನ ಎಣಿಕೆಯನ್ನೂ ಹೆಚ್ಚಿಸಿ.

ಬಂದದ್ದು ಮೊದಲೇ ದಶಮಾಂಶವಾಗಿದ್ದರೆ ‘ಕೋಅರ್ಸ್‌ವೆಕ್ಟರ್’ ಪ್ರತಿ ಮಾಡದೆ ಅದನ್ನೇ ಹಿಂತಿರುಗಿಸುತ್ತದೆ. ಪ್ರಾಮಿಸ್ ಬಿಡಿಸಿದಾಗ ಸಿಗುವುದೂ ಕರೆದವರ ವೆಕ್ಟರೇ, ಅದರ ನಕಲಲ್ಲ. ಮಧ್ಯಾಂಕಕ್ಕಾಗಿ ನೀವು ಏಳೇಳು ದರಗಳನ್ನು ಇದ್ದ ಜಾಗದಲ್ಲಿಯೇ ವಿಂಗಡಿಸುತ್ತಿದ್ದೀರೆಂದು ತೋರುತ್ತದೆ. ಅವುಗಳನ್ನು ಏಳು ಮನೆಗಳ ಒಂದು ಸಣ್ಣ ಅರೇಗೆ ನಕಲಿಸಿಕೊಂಡು ಅಲ್ಲಿ ವಿಂಗಡಿಸಿ. ಇಡೀ ವೆಕ್ಟರನ್ನು ‘ಡೂಪ್ಲಿಕೇಟ್’ ಮಾಡಿದರೆ ಮೂಲ ಉಳಿದೀತು, ಆದರೆ ಮುಂದಿನ ಏಳು ದರಗಳ ಕಿಟಕಿಗೆ ಕದಡಿದ ಕ್ರಮವೇ ಸಿಗುತ್ತದೆ. ತಿದ್ದಿದ ಬಳಿಕ ಪದೇ ಪದೇ ಕಸ ಗುಡಿಸುವಂತೆ ಮಾಡುವ ‘ಜಿಸಿಟಾರ್ಚರ್’ ಆನ್ ಮಾಡಿ ಒಮ್ಮೆ ಓಡಿಸಿ. ಕಾವಲು ಎಲ್ಲಾದರೂ ತಪ್ಪಿದ್ದರೆ ಬೇಗ ಬಯಲಾಗುತ್ತದೆ.

ಗೂಡುಲೆಕ್ಕ:

ವಿಂಗಡಿಸುತ್ತಿದ್ದುದು ಇದ್ದ ಜಾಗದಲ್ಲಿಯೇ, ನಿಮ್ಮ ಊಹೆ ಸರಿ. ಎರಡನ್ನೂ ತಿದ್ದಿ ‘ಜಿಸಿಟಾರ್ಚರ್’ನಲ್ಲಿ ಓಡಿಸಿದೆ, ಬಹಳ ನಿಧಾನವಾಯಿತು, ಆದರೆ ಸಂಖ್ಯೆಗಳು ಕೆಡಲಿಲ್ಲ. ‘ರನ್‌ಮೆಡ್’ ಜೊತೆ ಹೋಲಿಸಿದಾಗ ಎರಡೂ ತುದಿಗಳ ಮೂರು ಮೂರು ದರಗಳನ್ನು ಬಿಟ್ಟು ಉಳಿದೆಲ್ಲವೂ ಹೊಂದುತ್ತವೆ. ತುದಿಗಳಿಗೆ ಅದರಲ್ಲಿ ಬೇರೆಯೇ ನಿಯಮವಿರುವುದರಿಂದ ಅವುಗಳನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.