ಸಹಾಯ ಬೇಕು: ಎತ್ತರದಲ್ಲಿ ನಿಂತವರಿಗೆ ಎಷ್ಟು ಲಾಭ ಕೊಡಬೇಕು?

ನಮಸ್ಕಾರ. ದಾಳ ಉರುಳಿಸಿ, ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯ ಆಟ ನಡೆಸುತ್ತಿದ್ದೇನೆ. ಮುಂದಿನ ಕಾಳಗ ಒಂದು ಮುರುಕು ಕೋಟೆಯಲ್ಲಿ. ಗೋಡೆ ಮೇಲೆ ಬಿಲ್ಲುಗಾರರು, ಕೆಳಗೆ ಕಲ್ಲುರಾಶಿ, ನಡುವೆ ಕಿರಿದಾದ ಮೆಟ್ಟಿಲು.

ಮರೆಯ ನಿಯಮ ಸ್ಪಷ್ಟವಾಗಿದೆ. ಅರ್ಧ ಮರೆ ಇದ್ದರೆ ಆರ್ಮರ್ ಕ್ಲಾಸ್‌ಗೆ (ಏಟು ತಗುಲಲು ಎದುರಾಳಿ ಮುಟ್ಟಬೇಕಾದ ಸಂಖ್ಯೆಗೆ) 2 ಸೇರುತ್ತದೆ, ಮುಕ್ಕಾಲು ಮರೆಗೆ 5. ಕಲ್ಲುರಾಶಿಯಲ್ಲಿ ಒಂದು ಅಡಿ ನಡೆದರೆ ಆ ಸರದಿಯ ನಡಿಗೆಯಲ್ಲಿ ಎರಡು ಅಡಿ ಖರ್ಚು. ಆದರೆ ಎತ್ತರಕ್ಕೆ ಅಂತಲೇ ಬೇರೆ ಲಾಭ ಇಲ್ಲ. ಹಳೆಯ 3.5 ಆವೃತ್ತಿಯಲ್ಲಿ ಮೇಲೆ ನಿಂತು ಕತ್ತಿ ಬೀಸಿದರೆ ದಾಳಿಯ ದಾಳಕ್ಕೆ +1 ಸಿಗುತ್ತಿತ್ತು.

ಅಡ್ವಾಂಟೇಜ್ ಕೊಡುವುದು, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು, ನನಗೆ ತೀರಾ ಜಾಸ್ತಿ ಅನ್ನಿಸುತ್ತದೆ. ಎಲ್ಲರೂ ಗೋಡೆ ಹತ್ತಿ ಸುಮ್ನೆ ಅಲ್ಲೇ ನಿಂತುಬಿಡುತ್ತಾರೆ, ಅಲ್ವಾ? ಜೊತೆಗೆ ಅಡ್ವಾಂಟೇಜ್ ಒಂದರ ಮೇಲೊಂದು ಕೂಡುವುದಿಲ್ಲ. ಎತ್ತರಕ್ಕೇ ಅದು ಸಿಕ್ಕರೆ, ಅದನ್ನೇ ಪಡೆಯಲು ಅಡಗಿ ಕೂತು ಬಾಣ ಬಿಡುವವರ ಶ್ರಮಕ್ಕೆ ಬೆಲೆಯೇ ಇರುವುದಿಲ್ಲ.

ಆಟಗಾರರು ಜಾಗ ಬದಲಿಸುತ್ತಾ ಹೋರಾಡಬೇಕು ಅನ್ನುವುದು ನನ್ನ ಆಸೆ. ಎತ್ತರಕ್ಕೆ +1 ಅಥವಾ +2 ಕೊಟ್ಟು ಆಡಿಸಿದವರು ಇದ್ದೀರಾ? ಹೇಗಿತ್ತು? ಮೇಲಿಂದ ಬಿದ್ದರೆ ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳದಷ್ಟು ಪೆಟ್ಟು ಹೇಗೂ ಇದೆ. ಗೋಡೆ ಮೇಲಿನವರನ್ನು ಕದಲಿಸಲು ತಳ್ಳುವ ಭಯವೊಂದೇ ಸಾಕಾಗುತ್ತದೆಯೇ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.