ಮೀಟರಿನ ಮುಳ್ಳು ಹಸಿರಲ್ಲಿದೆ, ಹಳೇ ಫೈರ್ ಸಿಲಿಂಡರ್ ಬಳಸಬಹುದಾ?

ಪ್ರಶ್ನೆ: ನಮಸ್ಕಾರ ಅಣ್ಣ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಮಾವ ಪಲ್ಪರ್ ಶೆಡ್‌ಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಡೆ) ಅಂತ ತಂದಿದ್ದ, ಬೆಂಕಿ ಆರಿಸುವ 6 ಕೆ.ಜಿ. ಎಬಿಸಿ ಪೌಡರ್ ಸಿಲಿಂಡರ್ ಮೊನ್ನೆ ಶೆಡ್ ಗುಡಿಸುವಾಗ ಸಿಕ್ಕಿತು. ಮೈಮೇಲೆ 2013 ಅಂತ ಇದೆ. ಮುಳ್ಳು ಇನ್ನೂ ಹಸಿರಲ್ಲೇ ಇದೆ. ಅಡುಗೆಮನೆಗೆ ಇಟ್ಟುಕೊಳ್ಳಬಹುದಾ? ಒಂದ್ಸಲ ಒತ್ತಿ ನೋಡಲಾ?

ಉತ್ತರ: ಅಕ್ಕ, ದಯವಿಟ್ಟು ಒತ್ತಿ ನೋಡಬೇಡಿ. ಹೊಸದಾದರೂ ಒತ್ತಬಾರದು. ಒಂದು ಸಲ ಒತ್ತಿದರೆ ಪೌಡರ್ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪೌಡರನ್ನು ಹೊರಗೆ ತಳ್ಳುವ ಗ್ಯಾಸ್ ನಿಧಾನಕ್ಕೆ ಸೋರಿಹೋಗುತ್ತದೆ.

ಹಸಿರು ಮುಳ್ಳು ಹೇಳುವುದು ಒಳಗೆ ಒತ್ತಡ ಇದೆ ಅಂತ ಮಾತ್ರ. ಪೌಡರ್ ಹೇಗಿದೆ, ತಗಡು ಹೇಗಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಅಲ್ವಾ? ಸಿಮೆಂಟ್ ನೆಲದ ಮೇಲೆ ಇಟ್ಟ ಸಿಲಿಂಡರ್ ಮೊದಲು ತುಕ್ಕು ಹಿಡಿಯುವುದು ತಳದಲ್ಲಿ. ಮೇಲಿನಿಂದ ನೋಡಿದರೆ ಬಣ್ಣ ಚೆನ್ನಾಗೇ ಇರುತ್ತದೆ. ನಿಧಾನಕ್ಕೆ ಓರೆ ಮಾಡಿ ತಳ ನೋಡಿ. ಬಣ್ಣ ಉಬ್ಬಿದ್ದರೆ, ಗುಳಿ ಬಿದ್ದಿದ್ದರೆ ಅದನ್ನು ಮತ್ತೆ ಮುಟ್ಟಲೇಬೇಡಿ. ಒಳಗಿರುವ ಒತ್ತಡ ಸುಮಾರು 15 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡು, ಎರಡೂವರೆ ಅಷ್ಟೇ.

ನಿಮ್ಮದಕ್ಕೆ ಇಷ್ಟೆಲ್ಲ ನೋಡುವ ಅಗತ್ಯವೂ ಇಲ್ಲ. ಬೆಂಕಿ ಆರಿಸುವ ಸಿಲಿಂಡರ್‌ಗಳ ನಿರ್ವಹಣೆಗೆ ಇರುವ ಭಾರತೀಯ ಮಾನದಂಡ ಐಎಸ್ 2190 ಪ್ರಕಾರ ಪೌಡರ್ ಸಿಲಿಂಡರಿನ ಆಯಸ್ಸು 10 ವರ್ಷ. 2013ರದ್ದು ಮುಗಿದಿದೆ. ಯಾರಾದರೂ ಕಡಿಮೆ ದುಡ್ಡಿಗೆ ರೀಫಿಲ್ ಮಾಡಿಕೊಡ್ತೀನಿ ಅಂದರೂ ಬೇಡ. ಐಎಸ್‌ಐ ಗುರುತು ಇರುವ ಹೊಸದನ್ನೇ ತನ್ನಿ.

ಪ್ರಶ್ನೆ: ಸರ್, ನಮ್ಮದು 2020ರದ್ದು, ಪೌಡರ್. ಮನೆಯಲ್ಲೇ ಏನು ನೋಡಬಹುದು?

ಉತ್ತರ: ಪಿನ್ ಮತ್ತು ಸೀಲ್ ಹಾಗೇ ಇದೆಯಾ ನೋಡಿ. ಹೋಸ್ ಬಿರುಕು ಬಿಟ್ಟಿದೆಯಾ? ಅದರ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯಾ? ತೋಟದ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಆಮೇಲೆ ಸಿಲಿಂಡರನ್ನು ತಲೆಕೆಳಗು ಮಾಡಿ ಕೈಯಲ್ಲಿ ಹಿಡಿದುಕೊಳ್ಳಿ. ಪೌಡರ್ ಜಾರಿ ಇಳಿಯುವುದು ಕೈಗೆ ಗೊತ್ತಾಗಬೇಕು. ಏನೂ ಅಲುಗಾಡದಿದ್ದರೆ ಗಟ್ಟಿಯಾಗಿದೆ ಅಂತ ಅರ್ಥ. ಮೂರು ವರ್ಷಕ್ಕೊಮ್ಮೆ ಆಗಬೇಕಾದ ಪ್ರೆಶರ್ ಟೆಸ್ಟ್ ಆಗಿದೆಯಾ ಅಂತ ಸರ್ವಿಸ್ ಚೀಟಿಯಲ್ಲಿ ನೋಡಿ.

ಪ್ರಶ್ನೆ: ಜನರೇಟರ್ ಹತ್ತಿರ ಇಟ್ಟಿರುವ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್‌ಗೆ ಮೀಟರೇ ಇಲ್ಲವಲ್ಲ?

ಉತ್ತರ: ಅದಕ್ಕೆ ಮೀಟರ್ ಇರಲ್ಲ. ತೂಕವೇ ಲೆಕ್ಕ. ಖಾಲಿ ತೂಕ ಅದರ ಮೇಲೇ ಕೆತ್ತಿರುತ್ತದೆ. ಕಾಫಿ ಚೀಲ ತೂಗುವ ತಕ್ಕಡಿ ಸಾಕು. ತೂಗಿ, ಅದರಲ್ಲಿ ಖಾಲಿ ತೂಕ ಕಳೆದರೆ ಉಳಿದದ್ದು ಗ್ಯಾಸ್. ಒಳಗಿನ ಗ್ಯಾಸ್ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿದ್ದರೆ, ಅಂದರೆ 4.5 ಕೆ.ಜಿ.ಯದ್ದಕ್ಕೆ 450 ಗ್ರಾಂ, ರೀಫಿಲ್‌ಗೆ ಕೊಡಿ. ಇದರ ಪ್ರೆಶರ್ ಟೆಸ್ಟ್ ಐದು ವರ್ಷಕ್ಕೊಮ್ಮೆ.

ಪ್ರಶ್ನೆ: ಮೊದಲು ಕೇಳಿದವಳು ನಾನೇ ಅಣ್ಣ. ತಳದಲ್ಲಿ ನಿಜಕ್ಕೂ ತುಕ್ಕು ಇದೆ. ಹಳೇದನ್ನು ಗುಜರಿಗೆ ಹಾಕಲಾ?

ಉತ್ತರ: ಹಾಗೇ ಹಾಕಬೇಡಿ ಅಕ್ಕ. ಗುಜರಿಯ ಹುಡುಗರು ಕಟರ್ ಇಟ್ಟುಬಿಡುತ್ತಾರೆ. ಸರ್ವಿಸ್‌ನವರನ್ನೇ ಕರೆಸಿ, ಒತ್ತಡ ಇಳಿಸಿದ ಮೇಲೆ ಕೊಡಿ. ಅವರು ಬರುವವರೆಗೆ ಆ ಶೆಡ್‌ಗೆ ಮಕ್ಕಳು, ಅತಿಥಿಗಳು ಹೋಗದ ಹಾಗೆ ಬಾಗಿಲು ಹಾಕಿಡಿ. ಹೊಸದನ್ನು ಒಲೆ ಪಕ್ಕ ಬೇಡ, ಅಡುಗೆಮನೆ ಬಾಗಿಲ ಹತ್ತಿರ ಗೋಡೆಗೆ ಮೊಳೆ ಹೊಡೆದು ನೇತುಹಾಕಿ.