ಭೂಪಟದ ಪಾಠಕ್ಕೆ ಗೂಗಲ್ ಅರ್ಥ್ ಬಳಸಿದವರು ಹೇಗೆ ಮಾಡಿದ್ರಿ, ಹೇಳ್ತೀರಾ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಶಿಕ್ಷಕ

ನಮಸ್ಕಾರ. ಎಂಟನೇ ತರಗತಿಗೆ ಸಮಾಜ ವಿಜ್ಞಾನ ತಗೊಳ್ತೀನಿ. ಶಾಲೆಗೆ ಪ್ರೊಜೆಕ್ಟರ್ ಬಂದಿದೆ, ಲ್ಯಾಪ್‌ಟಾಪ್ ನನ್ನದೇ. ಹೋದ ವಾರ ಗೂಗಲ್ ಅರ್ಥ್ (ಉಪಗ್ರಹ ಚಿತ್ರಗಳಲ್ಲಿ ಭೂಮಿ ತೋರಿಸೋ ತಂತ್ರಾಂಶ) ತೆರೆದೆ. "ನಮ್ಮನೆ ತೋರ್ಸಿ ಸರ್" ಅಂತ ಒಬ್ಬರ ಮೇಲೊಬ್ಬರು ಶುರು ಮಾಡಿದ್ರು. ಹನ್ನೊಂದು ಮನೆ ಹುಡುಕೋ ಹೊತ್ತಿಗೆ ಪೀರಿಯಡ್ಡೇ ಮುಗೀತು. ಮಕ್ಕಳಿಗೆ ಖುಷಿಯಾಯ್ತು, ಆದರೆ ಏನು ಕಲಿತ್ರು ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ಮಳೆ ಹಿಡಿದ್ರೆ ನೆಟ್‌ವರ್ಕೂ ಇರಲ್ಲ, ಕರೆಂಟೂ ಇರಲ್ಲ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಸಾಗರದಿಂದ, ಪ್ರೌಢಶಾಲಾ ಶಿಕ್ಷಕಿ

ಸರ್, ಮನೆ ಹುಡುಕೋದನ್ನ ಬಿಡಿಸಬೇಡಿ, ಪಾಠ ಅಲ್ಲಿಂದಲೇ ಎಳೀಬೇಕು. ಒಂದೇ ಒಂದು ಮನೆ ತಗೊಳ್ಳಿ. ಆ ಮನೆಗೆ ನೀರು ಎಲ್ಲಿಂದ ಬರುತ್ತೆ, ತೋಟಕ್ಕೆ ಸೊಪ್ಪು ಎಲ್ಲಿಂದ ತರ್ತಾರೆ ಅಂತ ಕೇಳಿ. ನಮ್ಮ ಮಕ್ಕಳು ಚಿತ್ರ ಓದೋಕೆ ಕಲಿತಿದ್ದು ಹಾಗೆ. ಅಡಿಕೆ ತೋಟ ಮೇಲಿಂದ ಸಾಲಾಗಿ ಸಣ್ಣ ಸಣ್ಣ ನಕ್ಷತ್ರ ಇಟ್ಟಂಗೆ ಕಾಣುತ್ತೆ, ಕಾನು, ಅಂದ್ರೆ ದಟ್ಟ ಕಾಡು, ಹೂಕೋಸಿನ ಥರ ಗುಪ್ಪೆ ಗುಪ್ಪೆ. ತೋಟ ಯಾವಾಗಲೂ ಕಣಿವೆ ತಳದಲ್ಲೇ ಯಾಕಿರುತ್ತೆ ಅಂತ ಪುಸ್ತಕ ಹೇಳೋ ಮೊದಲೇ ಒಬ್ಬ ಹುಡುಗ ಹೇಳಿದ: "ನೀರು ತಾನಾಗೇ ಇಳಿಯುತ್ತೆ ಮೇಡಂ, ಗಾಳಿನೂ ಕಮ್ಮಿ."

ಇನ್ನೊಂದು ಅನುಭವ ಹೇಳಲೇಬೇಕು. ಶರಾವತಿ ಹಿನ್ನೀರು ತೋರಿಸುವಾಗ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ (ಒಂದೇ ಜಾಗದ ವರ್ಷವರ್ಷದ ಚಿತ್ರಗಳನ್ನ ಸಾಲಾಗಿ ಓಡಿಸೋದು) ಹಾಕಿದ್ದೆ. ಅದು ಶುರುವಾಗೋದೇ 1984ರಿಂದ. ಊರುಗಳನ್ನ ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಅಂದ್ರೆ ಮುಳುಗಡೆ ಆ ಚಿತ್ರಗಳಲ್ಲಿ ಇಲ್ಲವೇ ಇಲ್ಲ, ಮೊದಲ ಚಿತ್ರದಲ್ಲೇ ನೀರು ನಿಂತಿದೆ. ಹಿಂದಿನದು ಯಾರಿಗೆ ಗೊತ್ತು ಅಂತ ಕೇಳಿದೆ. ಒಬ್ಬಳು ಮನೆಗೆ ಹೋಗಿ ಅಜ್ಜಿ ಹತ್ರ ಕೂತು ಬರೆದುಕೊಂಡು ಬಂದಳು: ಊರಿನ ಮುಂದೆ ದೇವಸ್ಥಾನ, ಅದರಾಚೆ ಹೊಳೆ, ಹೊಳೆ ದಾಟಿದರೆ ಅಜ್ಜಿಯ ತವರು. ಆ ದಿಕ್ಕು ಹಿಡಿದು ಅಂದಾಜಿನ ಮೇಲೆ ಬರೀ ನೀಲಿ ನೀರಿನ ನಡುವೆ ಪಿನ್ ಇಟ್ಟು, ಊರಿನ ಹೆಸರು ಕನ್ನಡದಲ್ಲಿ ಟೈಪ್ ಮಾಡಿದಳು. ತರಗತಿ ಪೂರ್ತಿ ಸುಮ್ಮನಾಯ್ತು. ಆಮೇಲೆ ಒಟ್ಟು ಏಳು ಪಿನ್ ಬಂತು. ಅವಕ್ಕೆಲ್ಲ "ಅಂದಾಜು" ಅಂತ ಗುರುತು ಹಾಕಿಸಿದ್ದೀನಿ. ಅಳತೆ ಮಾಡಿದ್ದು ಯಾವುದು, ನೆನಪಿನಿಂದ ಬಂದಿದ್ದು ಯಾವುದು ಅನ್ನೋದು ಮಕ್ಕಳಿಗೆ ಗೊತ್ತಿರಬೇಕು.

ಹೊಸನಗರದಿಂದ

ನೀವು ತೀರ್ಥಹಳ್ಳಿಯವರು, ನಿಮಗೆ ಬೇರೆಲ್ಲೂ ಸಿಗದ ಪಾಠ ಕೈಯಲ್ಲೇ ಇದೆ. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟೋ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತೆ. ಅದೇ ತಾಲ್ಲೂಕಿನ ಪೇಟೆ ಪಕ್ಕದಲ್ಲಿ ಹರಿಯೋ ತುಂಗೆ ಕೂಡಲಿಯಲ್ಲಿ ಭದ್ರೆ ಜೊತೆ ಸೇರಿ, ಮುಂದೆ ಕೃಷ್ಣೆಗೆ ಬಿದ್ದು ಬಂಗಾಳ ಕೊಲ್ಲಿಗೆ ಹೋಗುತ್ತೆ. ಮಕ್ಕಳ ಕೈಯಲ್ಲೇ ಎರಡೂ ನದಿಯ ಗುಂಟ ಗೆರೆ ಎಳೆಸಿ. ಆಮೇಲೆ ತೀರ್ಥಹಳ್ಳಿಯಿಂದ ಅಂಬುತೀರ್ಥಕ್ಕೆ ಒಂದು ನೇರ ಗೆರೆ ಎಳೆದು, ಗೂಗಲ್ ಅರ್ಥ್ ಪ್ರೊದಲ್ಲಿ (ಕಂಪ್ಯೂಟರ್‌ಗೆ ಹಾಕಿಕೊಳ್ಳೋ ಆವೃತ್ತಿ) ಆ ಗೆರೆಯುದ್ದಕ್ಕೂ ನೆಲದ ಏರಿಳಿತ ತೋರಿಸೋ ಎತ್ತರದ ನಕ್ಷೆ (ಎಲಿವೇಶನ್ ಪ್ರೊಫೈಲ್) ತೆರೆಯಿರಿ. ನೀರನ್ನ ಬೇರೆ ಮಾಡೋ ದಿಬ್ಬ ಎಲ್ಲಿದೆ ಅಂತ ಮಕ್ಕಳೇ ಹುಡುಕಲಿ. ಆಗುಂಬೆಯಿಂದ ಸೋಮೇಶ್ವರಕ್ಕೂ ಹಾಗೇ ಮಾಡಿ, ಘಾಟಿ ಅಂದ್ರೇನು ಅಂತ ಬೇರೆ ವಿವರಣೆ ಬೇಕಾಗಲ್ಲ.

ನೆಟ್‌ವರ್ಕ್ ವಿಚಾರ: ಹಿಂದಿನ ದಿನ ನೆಟ್ ಇರೋ ಕಡೆ ಕೂತು ಅದೇ ಜಾಗಗಳನ್ನ ಅದೇ ಜೂಮ್‌ನಲ್ಲಿ ನಿಧಾನವಾಗಿ ನೋಡಿಟ್ಟುಕೊಳ್ಳಿ. ನೋಡಿದ ಚಿತ್ರ ಲ್ಯಾಪ್‌ಟಾಪ್‌ನ ಕ್ಯಾಶ್‌ನಲ್ಲಿ, ಅಂದ್ರೆ ತಾತ್ಕಾಲಿಕ ಸಂಗ್ರಹದಲ್ಲಿ, ಉಳಿಯುತ್ತೆ. ಅದನ್ನೇ ನಂಬಿ ಕೂರಬೇಡಿ, ಮುಖ್ಯವಾದವನ್ನ ಚಿತ್ರವಾಗಿಯೂ ಸೇವ್ ಮಾಡಿಡಿ.

ಕೊಪ್ಪದ ಹತ್ತಿರದಿಂದ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪರದೆಗಿಂತ ಮೊದಲು ಕಾಗದ. ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ (ಯಾರು ಬೇಕಾದರೂ ತಿದ್ದಿ ಸೇರಿಸಬಹುದಾದ ಆನ್‌ಲೈನ್ ನಕ್ಷೆ) ಊರಿನ ನಕ್ಷೆ ಪ್ರಿಂಟ್ ತೆಗೆದು ಕೊಟ್ಟು, ಶಾಲೆಗೆ ಬರೋ ದಾರಿ ಗುರುತು ಮಾಡ್ಕೊಂಡು ಬನ್ನಿ ಅಂದೆ. ಮರುದಿನ ನಕ್ಷೆ ತುಂಬ ತಪ್ಪೇ ತಪ್ಪು ಹಿಡ್ಕೊಂಡು ಬಂದ್ರು! ಕೆರೆ ಇಲ್ಲ, ಬನ ಇಲ್ಲ, ಹಳ್ಳದ ಸಂಕ (ಕಾಲುಸೇತುವೆ) ಇಲ್ಲ. ಆ ಸಂಕದ ಮೇಲೆ ಚರ್ಚೆಯೇ ಆಯ್ತು. ಬೇಸಿಗೆಯಲ್ಲಿ ಸಂಕ ದಾಟಿದರೆ ಶಾಲೆ ಹತ್ತು ನಿಮಿಷ, ಮಳೆಗಾಲದಲ್ಲಿ ಅದು ಕೊಚ್ಚಿಹೋದ್ರೆ ಸುತ್ತಿ ಬರಬೇಕು. ಎರಡೂ ದಾರಿಯನ್ನ ಬೇರೆ ಬೇರೆ ಬಣ್ಣದಲ್ಲಿ ಬರೆದ್ವಿ. ನಕ್ಷೆಗೆ ಋತು ಉಂಟು ಅನ್ನೋದು ನನಗೂ ಆಗಲೇ ಹೊಳೆದಿದ್ದು.

ಆಮೇಲೆ ಕೆರೆ, ಹಳ್ಳ, ಶಾಲೆಯನ್ನ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದ್ವಿ, ಕನ್ನಡ ಹೆಸರಿಗೆ ಅಲ್ಲಿ ಬೇರೆಯೇ ಜಾಗ ಇದೆ. ಗೂಗಲ್ ನಕ್ಷೆ ನೋಡಿ ನಕಲು ಮಾಡೋ ಹಾಗಿಲ್ಲ, ನಡೆದು ನೋಡಿದ್ದನ್ನೇ ಹಾಕಬೇಕು. ದಟ್ಟ ಮರದಡಿ ಜಿಪಿಎಸ್ ತೋರಿಸೋ ಜಾಗ ಅತ್ತಿತ್ತ ಸರಿಯುತ್ತೆ, ನಮ್ಮ ಕಾಲುದಾರಿ ಒಮ್ಮೆ ಹಳ್ಳದೊಳಗೇ ಹೋಗಿತ್ತು, ಎರಡು ಸಲ ನಡೀರಿ. ಮತ್ತೆ, ಮಕ್ಕಳ ಮನೆ ಮತ್ತು ಹೆಸರು ಮಾತ್ರ ಖಂಡಿತ ಹಾಕಿಸಬೇಡಿ.

ಶಿವಮೊಗ್ಗದಿಂದ

ಸರ್ವೆ ಆಫ್ ಇಂಡಿಯಾದ 1:50,000 (ನಕ್ಷೆಯ 1 ಸೆಂ.ಮೀ. ಅಂದ್ರೆ ನೆಲದ ಮೇಲೆ 500 ಮೀಟರ್) ನಕ್ಷೆಗಳನ್ನ ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿ 20 ಮೀಟರ್‌ಗೊಂದು ಎತ್ತರದ ಗೆರೆ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಇರುತ್ತೆ. ಅದನ್ನೂ ಉಪಗ್ರಹ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಗೆರೆ ಒತ್ತೊತ್ತಾಗಿ ಬಂದಲ್ಲಿ ಗುಡ್ಡ ಕಡಿದಾಗಿದೆ ಅನ್ನೋದು ಕಣ್ಣಿಗೇ ಕಾಣುತ್ತೆ. ಇಸ್ರೋದ ಉಪಗ್ರಹ ನಕ್ಷೆಗಳ ಜಾಲತಾಣ ಭುವನ್ ಕೂಡ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಪ್ಪದವರು ಹೇಳಿದಂತೆ ಕಾಗದದಿಂದಲೇ ಶುರು ಮಾಡಿದೆ. ಶನಿವಾರ ಎರಡು ನದಿಯ ಗೆರೆ ಎಳೆಯೋದು. ಸಾಗರದ ಮೇಡಂ, ನಮ್ಮ ತರಗತಿಯಲ್ಲೂ ಮುಳುಗಡೆಯಿಂದ ಬಂದ ಮನೆಯ ಮಕ್ಕಳು ಮೂವರಿದ್ದಾರೆ. ನಿಮ್ಮ ಪಿನ್‌ಗಳ ಫೈಲ್ ಕಳಿಸ್ತೀರಾ?

ಸಾಗರದಿಂದ

ಖಂಡಿತ ಸರ್, ಕೆಎಂಎಲ್ ಫೈಲ್ (ಗೂಗಲ್ ಅರ್ಥ್‌ನಲ್ಲಿ ತೆರೆಯೋ ಪಿನ್‌ಗಳ ಫೈಲ್) ಕಳಿಸ್ತೀನಿ. ಆದರೆ ಮೊದಲು ಆ ಮೂವರು ತಮ್ಮ ಮನೆಯ ಹಿರಿಯರನ್ನ ಕೇಳಿ ತಮ್ಮ ಊರಿನ ಪಿನ್ ಇಡಲಿ, ಆಮೇಲೆ ನಮ್ಮದನ್ನ ತೆರೀರಿ. ಅಕ್ಕಪಕ್ಕದ ಊರು ಬಂದ್ರೆ ನನಗೆ ಹೇಳಿ, ನಮ್ಮ ಹುಡುಗಿಯ ಅಜ್ಜಿಗೆ ತೋರಿಸ್ತೀನಿ.